ಗೋಧಿಯ ಹಿಂದಿನ ಪಾಳಿ

ಹಿಟ್ಟಿನ ಗಿರಣಿಯಲ್ಲಿ ಯಾರ ಹಿಂದೆ ನಿಲ್ಲಬೇಕು ಎಂಬುದು ಒಂದು ಶಾಸ್ತ್ರ. ನೀವು ಪೇಟೆಯಲ್ಲಿ ಕಟ್ಟಿದ ಚೀಲದ ಹಿಟ್ಟು ತಂದು ಉಣ್ಣುವವರಾದರೆ ಈ ಮಾತು ನಿಮಗೆ ತಮಾಷೆಯಾಗಿ ಕಂಡೀತು; ಆದರೆ ಬಸವನ ಬಾಗೇವಾಡಿಯ ನಮ್ಮ ಓಣಿಯ ಹೆಂಗಸರಿಗೆ ಅದು ಮದುವೆಯ ಮುಹೂರ್ತದಷ್ಟೇ ಗಂಭೀರವಾದ ಸಂಗತಿಯಾಗಿತ್ತು. ಸಜ್ಜೆಯ ಹಿಂದೆ ನಿಂತರೆ ಬೆಳ್ಳನೆಯ ಜೋಳದ ಹಿಟ್ಟಿಗೆ ಬೂದಿಯ ಬಣ್ಣ ಬರುತ್ತದೆ, ಕಡಲೆಯ ಹಿಂದೆ ನಿಂತರೆ ರೊಟ್ಟಿಗೆ ಹಸಿ ವಾಸನೆ ಹತ್ತುತ್ತದೆ, ಗೋವಿನಜೋಳದ ಹಿಂದೆ ನಿಂತರೆ ತರಿ ತರಿ. ಗೋಧಿಯ ಹಿಂದೆ ನಿಲ್ಲುವುದು ಮಾತ್ರ ಪುಣ್ಯವಂತರ ಪಾಲು. ನಮಗಿಂತ ಮೊದಲಿನವರು ಬೀಸಿಸಿಕೊಂಡು ಹೋದ ಗೋಧಿ ಹಿಟ್ಟಿನಲ್ಲಿ ಒಂದಿಷ್ಟು ಕಲ್ಲಿನ ಸಂದಿಯಲ್ಲಿ ಉಳಿದಿರುತ್ತದೆ. ಅದು ನಮ್ಮ ಜೋಳದೊಂದಿಗೆ ಇಳಿದು ಬುಟ್ಟಿ ಸೇರುತ್ತದೆ. ಆ ಹಿಟ್ಟಿನ ರೊಟ್ಟಿ ಬಡಿಯುವಾಗ ಅಂಚು ಹರಿಯುವುದಿಲ್ಲ, ಮೃದುವಾಗಿ ಉಬ್ಬುತ್ತದೆ.

ಈ ಶಾಸ್ತ್ರದಲ್ಲಿ ನಮ್ಮವ್ವ ಪಾರಂಗತಳು. ತನ್ನ ಪಾಳಿ ಬಂದಾಗ ಹಿಂದೆ ಗೋಧಿಯ ಬುಟ್ಟಿ ಕಂಡರೆ ಸಾಕು, ಮುಖದ ತುಂಬ ಔದಾರ್ಯ ತುಂಬಿಕೊಂಡು "ನಿಮಗ ಅವಸರ ಇರಬೇಕು, ಮುಂದ ಹೋಗ್ರಿ" ಎಂದು ಜಾಗ ಬಿಟ್ಟುಕೊಡುತ್ತಿದ್ದಳು. ಹಾಗೆ ಮುಂದೆ ಹೋದವರು ಅವಳನ್ನು ಬಾಯಿತುಂಬ ಹರಸುತ್ತಿದ್ದರು. ಪಕ್ಕದಲ್ಲಿ ಬುಟ್ಟಿ ಹೊತ್ತು ನಿಂತ ನಾನು, ಅಂದರೆ ಅವಳ ಮಗಳು, ಊರಿನ ಕನ್ಯಾಶಾಲೆಯಲ್ಲಿ ಮಕ್ಕಳಿಗೆ ಸತ್ಯವನ್ನೇ ನುಡಿಯಬೇಕೆಂದು ಪಾಠ ಹೇಳುವ ಅಕ್ಕೋರು, ನಗು ತಡೆದುಕೊಳ್ಳಲು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ.

ಇದು ಎಪ್ಪತ್ತರ ದಶಕದ ಮಾತು. ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಗೋಧಿಗಿದ್ದ ಮರ್ಯಾದೆಯನ್ನು ಈಗಿನವರಿಗೆ ತಿಳಿಸಿ ಹೇಳುವುದು ಕಷ್ಟ. ಜೋಳ ಮನೆಯವರದು, ಗೋಧಿ ಬೀಗರದು. ಹಬ್ಬಕ್ಕೆ ಹೋಳಿಗೆ, ಮದುವೆಗೆ ಹುಗ್ಗಿ, ಬಾಣಂತಿಗೆ ಸಜ್ಜಕ, ಸಾಹೇಬರು ಬಂದರೆ ಚಪಾತಿ. ಒಬ್ಬರ ಮೇಲೆ ನಮಗೆಷ್ಟು ಪ್ರೀತಿ ಎಂಬುದನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಇಲ್ಲವೇ ಇಲ್ಲ. ಬೇಡ ಬೇಡವೆಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಸುರಿಯುವುದೇ ನಮ್ಮ ಪ್ರೇಮಭಾಷೆ. ಉಣ್ಣುವವನಿಗೆ ಅಜೀರ್ಣವಾದರೆ ಅದು ಅವನ ಕರ್ಮ, ಬಡಿಸಿದವರ ತಪ್ಪಲ್ಲ. ಅಪ್ಪ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಗೋಧಿಗೆ ಕೊರತೆಯಿರಲಿಲ್ಲ, ಹಾಗಾಗಿ ಪ್ರೇಮಕ್ಕೂ ಕೊರತೆಯಿರಲಿಲ್ಲ.

ಇಂಥ ಮನೆಗೆ ಸಿಂದಗಿಯ ಕಡೆಯ ಒಂದು ಹಳ್ಳಿಯಿಂದ ಸೊಸೆಯಾಗಿ ಬಂದವಳು ಶಾಂತಾ. ಅಣ್ಣನ ಹೆಂಡತಿಯನ್ನು ನಾವು ವೈನಿ ಎನ್ನುತ್ತೇವೆ. ನನ್ನ ವೈನಿ ಮಾತು ಕಡಿಮೆ, ಕೆಲಸ ಹೆಚ್ಚು. ನಕ್ಕರೆ ಮಾತ್ರ ಕಣ್ಣು ಎರಡೂ ಮುಚ್ಚಿಹೋಗುವಷ್ಟು ನಗುವ ಹುಡುಗಿ. ಮದುವೆಯಾಗಿ ಬಂದಾಗ ತುಂಬಿದ ಕೆನ್ನೆ, ಗಟ್ಟಿ ಮೈಕಟ್ಟು. ತವರಿನಲ್ಲಿ ಮೂರು ಹೊತ್ತೂ ರೊಟ್ಟಿ ತಿಂದು ಬೆಳೆದವಳೆಂದು ಅವ್ವ ಮರುಗಿ, ಎರಡು ಹೊತ್ತೂ ಚಪಾತಿ ಮಾಡಿ ಬಡಿಸತೊಡಗಿದಳು. ಆರು ತಿಂಗಳೊಳಗೆ ವೈನಿಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಹೊಟ್ಟೆಯುಬ್ಬರ, ಭೇದಿ, ನಾಲ್ಕು ಹೆಜ್ಜೆ ನಡೆದರೆ ಕಣ್ಣಿಗೆ ಕತ್ತಲೆ. ಹಬ್ಬಕ್ಕೆಂದು ತವರಿಗೆ ಹೋದರೆ ಒಂದೆರಡು ತಿಂಗಳಲ್ಲಿ ಚೇತರಿಸಿಕೊಂಡು ಬರುವಳು. ನಮ್ಮಲ್ಲಿಗೆ ಬಂದೊಡನೆ ಮತ್ತೆ ಸೊರಗುವಳು.

ಇದಕ್ಕೆ ಎರಡು ಮನೆಯವರೂ ಎರಡು ಅರ್ಥ ಹಚ್ಚಿದರು ನೋಡಿ. ಸಿಂದಗಿಯ ಕಡೆಯವರ ತೀರ್ಪು, ಬಾಗೇವಾಡಿಯ ಅತ್ತೆ ಸೊಸೆಯನ್ನು ಉಪವಾಸ ಕೆಡವುತ್ತಾಳೆ ಎಂದು. ನಮ್ಮ ಓಣಿಯವರ ತೀರ್ಪು, ಹುಡುಗಿಗೆ ಗಂಡನ ಮನೆ ಒಗ್ಗಿಲ್ಲ, ತವರಿನ ಹಂಬಲ ಬಿಟ್ಟಿಲ್ಲ ಎಂದು. ಮೊದಲನೆಯ ಮಾತು ಅವ್ವನ ಕಿವಿಗೆ ಬಿದ್ದ ದಿನದಿಂದ ಅವಳು ಸೊಸೆಯ ತಾಟಿನ ಮುಂದೆ ಕಾವಲು ಕೂಡತೊಡಗಿದಳು. "ಉಣ್ಣವಾ, ಇನ್ನೊಂದು ಹಾಕ್ಕೋ. ನಿಮ್ಮವ್ವ ಬಂದ್ರ ನಾ ಯಾವ ಮಾರಿ ತೋರಿಸ್ಲಿ?" ಎಂದು ತನ್ನ ತಾಟಿನ ತುಪ್ಪವನ್ನೂ ಅವಳ ಚಪಾತಿಗೆ ಸವರುತ್ತಿದ್ದಳು. ವೈನಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಅವ್ವ ಎಷ್ಟು ಉಣಿಸಿದಳೋ ಅಷ್ಟು ಆಕೆ ಕರಗಿದಳು. ಹೀಗೇ ಆದರೆ ಮಗಳನ್ನು ತಿರುಗಿ ಕಳಿಸುವುದಿಲ್ಲವೆಂದು ಆಕೆಯ ತಂದೆಯಿಂದ ಹೇಳಿಕೆಯೂ ಬಂತು. ಅಣ್ಣ ಮೊದಲೇ ಮಿತಭಾಷಿ. ಆ ದಿನಗಳಲ್ಲಿ ಅಂಗಡಿಯಿಂದ ಮನೆಗೆ ಬರುವುದನ್ನೇ ತಡಮಾಡತೊಡಗಿದ. ಸುಮ್ಮನೆ ಯಾಕೆ ಮುಚ್ಚಿಡಲಿ, ನಮ್ಮ ಮನೆಯ ನಗು ಎಲ್ಲ ಬತ್ತಿಹೋಗಿತ್ತು, ಮತ್ತು ವೈನಿ ಬದುಕುತ್ತಾಳೋ ಇಲ್ಲವೋ ಎಂದು ನಾನು ನಿಜವಾಗಿಯೂ ಹೆದರಿದ್ದೆ.

ಕಡೆಗೆ ಅಣ್ಣ ಆಕೆಯನ್ನು ಸೊಲ್ಲಾಪುರದ ಒಬ್ಬ ಡಾಕ್ಟರರ ಬಳಿ ಕರೆದುಕೊಂಡು ಹೋದ. ಅವರು ಹೊಟ್ಟೆ ಮುಟ್ಟಿ ನೋಡುವುದಕ್ಕೆ ಮೊದಲು ತವರಿನಲ್ಲಿ ಏನು ಉಣ್ಣುತ್ತೀ, ಗಂಡನ ಮನೆಯಲ್ಲಿ ಏನು ಉಣ್ಣುತ್ತೀ ಎಂದು ಕೇಳಿದರಂತೆ. ನಂತರ ಬಾಯಿಯಿಂದ ನಳಿಕೆ ಇಳಿಸಿ ಕರುಳಿನ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿಸಿ, ಇದು ಸೀಲಿಯಾಕ್ ಎಂಬ ರೋಗ, ಗೋಧಿ ಒಳಗೆ ಹೋದರೆ ಈಕೆಯ ಕರುಳು ಸವೆಯುತ್ತದೆ, ಔಷಧವೆಂದರೆ ಬದುಕಿರುವ ತನಕ ಗೋಧಿ ಮುಟ್ಟದಿರುವುದು, ಜೋಳ ಸಜ್ಜೆ ಅಕ್ಕಿ ಧಾರಾಳವಾಗಿ ಉಣ್ಣಬಹುದು ಎಂದರು. ಅಂದರೆ ಗೆಳೆಯರೇ, ನಾವು ಮರ್ಯಾದೆಯೆಂದು ಬಡಿಸಿದ್ದು ವಿಷ, ಬಡತನವೆಂದು ಮರುಗಿದ್ದು ಅಮೃತ. ಇಷ್ಟು ದಿನ ಎರಡು ಮನೆಯ ಮಾನದ ಪ್ರಶ್ನೆಯಾಗಿದ್ದದ್ದು ಬರಿಯ ಒಂದು ಕಾಳಿನ ಪ್ರಶ್ನೆಯಾಗಿತ್ತು.

ಅವ್ವ ಆ ವಿಲಾಯತಿ ಹೆಸರನ್ನು ಒಪ್ಪಲಿಲ್ಲ. ಗೋಧಿಬ್ಯಾನಿ ಎಂದು ತಾನೇ ನಾಮಕರಣ ಮಾಡಿದಳು. ಅಂದಿನಿಂದ ವೈನಿಗೆ ಬೇರೆ ಹಂಚು, ಹಿಟ್ಟು ನಾದಲು ಬೇರೆ ಪರಾತ, ಶುದ್ಧ ಜೋಳದ ರೊಟ್ಟಿ. ಆದರೂ ಭೇದಿ ನಿಲ್ಲಲಿಲ್ಲ. ತುಸು ಸುಧಾರಿಸಿದಂತೆ ಕಂಡು ಮತ್ತೆ ಕುಗ್ಗುತ್ತಿದ್ದಳು. ಇದನ್ನು ಕೇಳಿದ ಬೀಗಿತಿ, ಎಂದರೆ ವೈನಿಯ ತಾಯಿ, ಮಗಳನ್ನು ಕರೆದೊಯ್ಯುವ ನಿರ್ಧಾರ ಮಾಡಿಯೇ ಬಸ್ಸು ಹತ್ತಿ ಬಂದರು. ಈ ಸಲ ಹೋದರೆ ವೈನಿ ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಅವ್ವನಿಗೆ ವಾದ ಮಾಡುವ ಬಾಯಿಯೂ ಉಳಿದಿರಲಿಲ್ಲ. "ಇರ್ರಿ, ಹೋಗೂಮುಂದ ಬುತ್ತಿಗೆ ಹೊಸಾ ಹಿಟ್ಟು ಬೀಸಿಸ್ಕೊಂಡು ಬರ್ತೇನಿ" ಎಂದು ಆರಿಸಿದ ಮಾಲದಂಡಿ ಜೋಳದ ಬುಟ್ಟಿ ನನ್ನ ತಲೆಗೇರಿಸಿದಳು. ಬೀಗಿತಿ ತಾವೂ ಜೊತೆಗೆ ಹೊರಟರು. ಅವರ ಹಳ್ಳಿಯಲ್ಲಿ ಗಿರಣಿಯೇ ಇರಲಿಲ್ಲ. ಮನೆಯ ಬೀಸುಕಲ್ಲಿನಲ್ಲೇ ಎಲ್ಲ. ನೋಡುವ ಕುತೂಹಲವೂ ಇದ್ದೀತು, ನಮ್ಮ ಮೇಲೆ ನಂಬಿಕೆ ಇಲ್ಲದಿದ್ದುದೂ ಇದ್ದೀತು.

ಗಿರಣಿಯಲ್ಲಿ ನಮ್ಮ ಪಾಳಿ ಬಂತು. ಹಿಂದೆ ಒಬ್ಬಾಕೆ ಗೋಧಿಯ ಬುಟ್ಟಿ ಹಿಡಿದು ನಿಂತಿದ್ದಳು. ಎಷ್ಟು ವರ್ಷಗಳ ರೂಢಿ ನೋಡಿ, ಅಷ್ಟು ದುಃಖದಲ್ಲೂ ಅವ್ವನ ಕಾಲು ತಾನಾಗಿ ಪಕ್ಕಕ್ಕೆ ಸರಿಯಿತು, ಬಾಯಿ ತಾನಾಗಿ "ನೀವು ಮುಂದ ಹೋಗ್ರಿ" ಎಂದಿತು.

"ಯಾಕ್ರಿ ಬೀಗ್ತೇರ, ನಮ್ಮ ಪಾಳಿ ಬಂದಿತ್ತಲ್ಲ?" ಎಂದರು ವೈನಿಯ ತಾಯಿ.

"ಗೋಧಿ ಹಿಂದ ನಿಂತ್ರ ಲಾಭ ಐತ್ರಿ," ಎಂದು ಅವ್ವ ತನ್ನ ಶಾಸ್ತ್ರವನ್ನು ವಿವರಿಸಲು ಶುರುಮಾಡಿದಳು. "ಕಲ್ಲಾಗ ಉಳಿದಿದ್ದ ಗೋಧಿ ಹಿಟ್ಟು ಒಂದು ಬೊಗಸಿ ನಮ್ಮ ಜ್ವಾಳದಾಗ ಪುಕ್ಕಟ ಬಂದು..."

ಗಿರಣಿಯ ಸದ್ದಿನ ನಡುವೆ ಆ ಇಬ್ಬರು ತಾಯಂದಿರು ಒಬ್ಬರ ಮುಖವನ್ನು ಒಬ್ಬರು ನೋಡುತ್ತ ನಿಂತರು. ಶುದ್ಧ ಜೋಳವೆಂದು ನಾವು ವೈನಿಗೆ ಬಡಿಸಿದ ರೊಟ್ಟಿಯೊಳಗೂ ಇಷ್ಟು ದಿನ ಈ ಪುಕ್ಕಟೆ ಗೋಧಿ ಇತ್ತು. ಬೈಗುಳ ಬರುತ್ತದೆಂದು ನಾನು ಕಾಯುತ್ತಿದ್ದೆ. ಆದರೆ ಬೀಗಿತಿ ನನ್ನ ತಲೆಯ ಮೇಲಿನ ಬುಟ್ಟಿಯನ್ನು ತಾವೇ ಇಳಿಸಿಕೊಂಡು, "ನಡೀರಿ, ನಿಮ್ಮ ಮನ್ಯಾಗ ಬೀಸುಕಲ್ಲ ಇರಬೇಕಲ್ಲ" ಎಂದರು. ಇತ್ತು, ಹಿತ್ತಲಲ್ಲಿ, ಕೋಳಿಗಳು ಅದರ ಮೇಲೆ ಹತ್ತಿ ಕೂಡುತ್ತಿದ್ದವು. ಅದನ್ನು ತಿಕ್ಕಿ ತೊಳೆದು ಒಣಗಿಸಿ ಇಬ್ಬರೂ ಎದುರುಬದುರು ಕೂತು ಬೀಸಿದರು. ಮೊದಮೊದಲು ಬಿಗಿಮುಖ, ಆಮೇಲೆ ಅವ್ವ ಜೋರಾಗಿ ತಿರುಗಿಸಿದರೆ ಬೀಗಿತಿ ಬೈಯುವುದು, ಬೀಗಿತಿ ಕಾಳು ಹೆಚ್ಚು ಹಾಕಿದರೆ ಅವ್ವ ಬೈಯುವುದು ಶುರುವಾಯಿತು. ಅದು ಮನೆಗೆ ಜೀವ ಮರಳಿದ ಲಕ್ಷಣ. ಕರೆದೊಯ್ಯಲು ಬಂದವರು ಬೀಸಿಕೊಡುತ್ತ ನಮ್ಮಲ್ಲೇ ಉಳಿದುಬಿಟ್ಟರು. ಒಂದೆರಡು ತಿಂಗಳಲ್ಲಿ ಮಗಳ ಕೆನ್ನೆ ತುಂಬಿದ್ದನ್ನು ಕಂಡು, ಒಬ್ಬರೇ ಸಿಂದಗಿಯ ಬಸ್ಸು ಹತ್ತಿದರು.

ಗೋಧಿ ಒಗ್ಗದವರಿಗೆ ನೆರವಾಗುವ ನಮ್ಮ ಬಳಗ ಹುಟ್ಟಿದ್ದು ಹೀಗೆ. ಸೊಲ್ಲಾಪುರದ ಆ ಡಾಕ್ಟರರು ನಮ್ಮ ಕಡೆಯಿಂದ ಇಂಥ ರೋಗಿಗಳು ಬಂದಾಗ, ಬಾಗೇವಾಡಿಯಲ್ಲಿ ಒಬ್ಬ ತಾಯಿ ಇದ್ದಾಳೆ, ಅವಳನ್ನು ಕಾಣಿರಿ ಎಂದು ಕಳಿಸತೊಡಗಿದರು. ಮುದ್ದೇಬಿಹಾಳದಿಂದ ಒಬ್ಬ ದರ್ಜಿ ಬಂದ. ಬೀಗರ ಮನೆಯಲ್ಲಿ ಹೋಳಿಗೆ ಬೇಡವೆಂದದ್ದಕ್ಕೆ ಅವನ ಅಳಿಯತನವೇ ಅಪಾಯದಲ್ಲಿತ್ತು. ಸಿಂದಗಿಯಿಂದ ಇಬ್ಬರು ಮಕ್ಕಳು ಬಂದರು. ಅವ್ವ ಓಣಿಯ ಹೆಂಗಸರನ್ನು ಕೂಡಿಸಿ ಪಡಸಾಲೆಯಲ್ಲಿ ಬೀಸುಕಲ್ಲು ಹೂಡಿದಳು. ಯಾರೋ ಜೋಳ ಕೊಟ್ಟರು, ಯಾರೋ ರಟ್ಟೆ ಕೊಟ್ಟರು. ಕಡಕ್ ರೊಟ್ಟಿ ಬಡಿದು ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಬಸ್ಸಿನ ಕಂಡಕ್ಟರರ ಕೈಯಲ್ಲಿ ಊರೂರಿಗೆ ಕಳಿಸುವುದು. ರೊಟ್ಟಿ ಮುರಿಯದಂತೆ ಒಯ್ಯಿರಿ ಎಂದು ಅವ್ವ ಹೇಳುವ ರೀತಿಗೆ, ಕಂಡಕ್ಟರರು ಗಂಟನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಳ್ಳುತ್ತಿದ್ದರಂತೆ. ಮದುವೆಯ ಹಂಗಾಮಿನಲ್ಲಂತೂ ಬಳಗದ ಒಬ್ಬ ಹೆಂಗಸು ರೋಗಿಯ ಪಕ್ಕದಲ್ಲಿ ಪಂಕ್ತಿಗೆ ಕೂತು, ಹುಗ್ಗಿಯ ಸೌಟು ಬಂದಾಗ ತನ್ನ ಕೈ ಅಡ್ಡ ಹಿಡಿಯಬೇಕು. ಒತ್ತಾಯ ಮಾಡುವುದರಲ್ಲಿ ಊರಿಗೇ ಹೆಸರಾದ ನಮ್ಮವ್ವ ಒತ್ತಾಯ ತಡೆಯುವ ದಳದ ನಾಯಕಿಯಾದದ್ದು ಕಂಡು ಅಪ್ಪ ಬಿದ್ದು ಬಿದ್ದು ನಕ್ಕರು.

ಆದರೆ ಒಂದು ಮುಳ್ಳು ಅವ್ವನೊಳಗೆ ಉಳಿದೇ ಇತ್ತು. ವೈನಿ ಗಟ್ಟಿಯಾಗಿದ್ದಳು, ನಗುತ್ತಿದ್ದಳು, ಬೀಸುಕಲ್ಲಿನ ಎದುರು ಅವ್ವನ ಜೋಡಿಯಾಗಿದ್ದಳು. ಆದರೆ ಆ ಹಿಂದಿನ ದಿನಗಳ ಮಾತನ್ನು ಅತ್ತೆಯೂ ಎತ್ತಲಿಲ್ಲ, ಸೊಸೆಯೂ ಎತ್ತಲಿಲ್ಲ. ಆಕೆ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದಾಳೋ, ಈ ಮನೆಯಲ್ಲಿ ಮನಸ್ಸಿದ್ದು ಇದ್ದಾಳೋ ವಿಧಿಯಿಲ್ಲದೆ ಇದ್ದಾಳೋ ಎಂಬ ಸಂಶಯ ಅವ್ವನನ್ನು ತಿನ್ನುತ್ತಿತ್ತೆಂದು ನನಗೆ ಗೊತ್ತಿತ್ತು. ವೈನಿ ಎದ್ದು ಹೋದ ಮೇಲೆ ಆಕೆಯ ತಾಟನ್ನು ಅವ್ವ ಈಗಲೂ ಕದ್ದು ನೋಡುತ್ತಿದ್ದಳು.

ಹೀಗಿರುವಾಗ ಇಂಡಿ ಎಂಬ ಊರಿನಿಂದ ಕರೆ ಬಂತು. ಅಲ್ಲಿ ಒಂದು ಪುಟ್ಟ ಹುಡುಗಿಗೆ ಗೋಧಿಬ್ಯಾನಿ. ಡಾಕ್ಟರರ ಮಾತನ್ನು ಅವಳ ಅಜ್ಜಿ ನಂಬುವುದಿಲ್ಲ. ಅವ್ವ, ವೈನಿ, ನಾನು ಮೂವರೂ ಹೋದೆವು. ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಉಬ್ಬಿದ ಆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜಿ ಕೂತಿದ್ದರು. ಅವ್ವ ತನ್ನ ಗಿರಣಿಯ ಕಥೆಯನ್ನು ಒಂದು ಚೂರೂ ಬಿಡದೆ ಹೇಳಿದಳು. ಕೇಳುತ್ತ ಕೇಳುತ್ತ ಅಜ್ಜಿಗೆ ನಂಬಿಕೆ ಬಂತು. ನಂಬಿಕೆ ಬಂದೊಡನೆ ದುಃಖ ಉಕ್ಕಿತು.

"ನನ್ನ ಕೈಯಿಂದನ ತಿನಿಸೇನ್ರಿ. ಒಲ್ಲೆ ಅಂದ್ರ ರಮಿಸಿ ರಮಿಸಿ ತಿನಿಸೇನಿ. ಈ ಕೂಸಿಗೆ ನಾನ ಹಗೆ ಆದೆ."

ಬಾಗಿಲ ಬಳಿ ಕೂತಿದ್ದ ವೈನಿ ಎದ್ದು ಬಂದು ಅಜ್ಜಿಯ ಪಕ್ಕದಲ್ಲಿ ಕೂತಳು.

"ಅಳಬ್ಯಾಡ್ರಿ ಆಯಿ. ನಮ್ಮತ್ತೀನೂ ನನಗ ಹಂಗ ತಿನಿಸಿದ್ರು, ತಮ್ಮ ತಾಟಿನ ತುಪ್ಪಾ ನನಗ ಹಾಕ್ತಿದ್ರು. ಹೊಟ್ಟಿ ನೋಯ್ತಿತ್ತು ಖರೆ. ಆದರ ಅವರ ಮ್ಯಾಲ ನನಗ ಒಂದಿನಾನೂ ಸಿಟ್ಟು ಬರಲಿಲ್ಲ. ಅವರನ್ನ ಬಿಟ್ಟು ಹೋಗಬೇಕಂತನೂ ಅನಸಲಿಲ್ಲ. ದೊಡ್ಡಾಕಿ ಆದ ಮ್ಯಾಲ ನಿಮ್ಮ ಮೊಮ್ಮಗಳೂ ಹಿಂಗ ಅಂತಾಳ್ರಿ."

ಅವ್ವ ರೊಟ್ಟಿ ಕಟ್ಟಿ ತಂದಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ತಿರುಗಿ ಬರುವಾಗ ಬಸ್ಸು ಝಳಕಿ ಎಂಬ ಊರನ್ನು ದಾಟಿತು. ಆಗ ಅವ್ವ ಕಿಟಕಿಯ ಹೊರಗೆ ನೋಡುತ್ತಲೇ, "ಇದನ್ನ ನನ್ನ ಮುಂದ ಮೊದಲ ಹೇಳಿದ್ರ ನಿನ್ನ ಗಂಟೇನ ಹೋಗ್ತಿತ್ತು?" ಎಂದಳು.

"ನೀವು ಕೇಳಿದ್ರ ಹೇಳ್ತಿದ್ನಲ್ರಿ ಅತ್ತಿ," ಎಂದಳು ವೈನಿ.

ಅವ್ವ "ಕೇಳಾಕ ಹೆದರಿಕಿ ಇತ್ತವಾ" ಎಂದಳು.

ವೈನಿ ಕಣ್ಣು ಎರಡೂ ಮುಚ್ಚಿಹೋಗುವಂತೆ ನಕ್ಕು, ಅವ್ವನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ವಿಜಾಪುರ ಬರುವವರೆಗೆ ಅವ್ವ ಆ ಭುಜವನ್ನು ಅಲುಗಿಸಲಿಲ್ಲ. ಟಿಕೆಟ್ ಕೇಳಲು ಬಂದ ಕಂಡಕ್ಟರನಿಗೂ, ದನಿ ತೆಗೆಯಬೇಡ ಎಂದು ಕಣ್ಣಿನಲ್ಲೇ ಹೇಳಿ ಕಳಿಸಿದಳು.