ಹೊರಟವರಿಗೆಲ್ಲ ಹೊಲಿದುಕೊಡುವ ಬ್ಯಾಗಕ್ಕ

ಬೆಳಗ್ಗೆ ಐದೂಮುಕ್ಕಾಲು. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬಾಗಿಲು ತೆರೆದಿರುವುದು ಒಂದೇ ಅಂಗಡಿ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ಜಿಪ್ ಕಿತ್ತುಹೋದ ಬ್ಯಾಗೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೂಜಿ ಹಾಕುತ್ತಿದ್ದಾರೆ. ಎದುರಿಗೆ ಬ್ಯಾಗಿನ ಯಜಮಾನ ಒಂಟಿಕಾಲಲ್ಲಿ ನಿಂತಿದ್ದಾನೆ. ಮೊದಲ ಬಸ್ಸಿಗೆ ಹತ್ತೇ ನಿಮಿಷ.

"ಅಕ್ಕಾ, ಬಸ್ ಹೊರಟೇಹೋಗತ್ತೆ!"

"ಹೋಗಲ್ಲ. ಡ್ರೈವರ್ ಇನ್ನೂ ಟೀ ಕುಡೀತಿದಾರೆ. ನೀವು ಹೀಗೆ ಕುಣಿದ್ರೆ ಸೂಜಿ ಬ್ಯಾಗಿಗಲ್ಲ, ನನ್ನ ಬೆರಳಿಗೆ ಹೋಗತ್ತೆ."

ನಿಲ್ದಾಣದವರೆಲ್ಲ ಇವರನ್ನು ಕರೆಯುವುದು ಬ್ಯಾಗಕ್ಕ ಎಂದೇ. ಎರಡಾಳು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಕೋಣೆ, ಎರಡು ಹೊಲಿಗೆ ಯಂತ್ರ, ಗೋಡೆಯ ತುಂಬ ಕ್ಯಾನ್ವಾಸ್ ತುಂಡುಗಳು. ಮೂವತ್ತನಾಲ್ಕು ವರ್ಷಗಳಿಂದ ದಿನಕ್ಕೆ ಮೂರೋ ನಾಲ್ಕೋ ಹೊಸ ಬ್ಯಾಗು, ಹತ್ತು ಹನ್ನೆರಡು ರಿಪೇರಿ, ಜೊತೆಗೆ ಪ್ರಯಾಣದ ಬಟ್ಟೆ. ಬಂದವರನ್ನು ಏನು ಹೊಲಿಯಬೇಕೆಂದು ಅವರು ಕೇಳುವುದಿಲ್ಲ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳುತ್ತಾರೆ. "ಆಸ್ಪತ್ರೆಗೆ ಹೋಗೋರ ಅಂಗಿಗೆ ಮುಂದೆ ಗುಂಡಿ ಇರಬೇಕು. ದೂರ ಹೋಗೋರಿಗೆ ಒಳಜೇಬು. ವಾಪಸ್ ಬರಲ್ಲ ಅಂತ ಹೊರಟೋರು ಬಾಯಿಬಿಟ್ಟು ಹೇಳಲ್ಲ. ಆದ್ರೂ ನಂಗೊತ್ತಾಗತ್ತೆ. ಅವರ ಬ್ಯಾಗಿನ ಹಿಡಿಗೆ ನಾಲ್ಕು ಸಲ ಹೊಲಿಗೆ ಓಡಿಸ್ತೀನಿ."

ಎರಡನೆಯ ಯಂತ್ರ ತಂಗಿಯದು. ಅಕ್ಕತಂಗಿ ಇಬ್ಬರೂ ಅಕ್ಕಪಕ್ಕ ಕೂತು ಹೊಲಿಯುತ್ತಿದ್ದ ಕಾಲವೊಂದಿತ್ತು. ಅಕ್ಕನದು ಬ್ಯಾಗು, ತಂಗಿಯದು ಬಟ್ಟೆ. ಒಂದು ದಿನ ತಂಗಿ ಗಿರಾಕಿಯೊಬ್ಬರ ಬೆಲೆಬಾಳುವ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿಬಿಟ್ಟಳು. ಅಕ್ಕ ಎಲ್ಲರೆದುರೇ ಕತ್ತರಿ ಕಿತ್ತುಕೊಂಡು, "ನಿನ್ನ ಕೈಯೇ ಸರಿಯಿಲ್ಲ, ಇನ್ಮೇಲೆ ಈ ಯಂತ್ರ ಮುಟ್ಟಬೇಡ" ಅಂದರು. ತಂಗಿ ಅಂದೇ ಸಂಜೆಯ ಬಸ್ಸು ಹತ್ತಿದಳು. ದೂರದ ಊರೊಂದರಲ್ಲಿ ಮದುವೆಯಾಗಿ ನೆಲೆನಿಂತಿದ್ದಾಳೆಂದು ಗಿರಾಕಿಗಳ ಬಾಯಲ್ಲಿ ತಿಳಿಯಿತು, ಅಷ್ಟೆ. ಅಕ್ಕ ಹೋಗಲಿಲ್ಲ. ಹತ್ತೊಂಬತ್ತು ವರ್ಷ ಆ ಯಂತ್ರದ ಮೇಲಿನ ಹೊದಿಕೆಯನ್ನೂ ತೆಗೆಯಲಿಲ್ಲ. "ಕಣ್ಣೆದುರೇ ದಿನಕ್ಕೆ ಮೂವತ್ತು ಬಸ್ ಹೋಗ್ತಿದ್ವು. ಯಾವುದನ್ನಾದ್ರೂ ಹತ್ತಬಹುದಿತ್ತು. ಕಾಲೇ ಬರಲಿಲ್ಲ."

ಮೂರು ವರ್ಷದ ಹಿಂದೆ ಒಂದು ಬುಧವಾರ ಅಪರಿಚಿತ ಹೆಂಗಸೊಬ್ಬಳು ಬಂದಳು. ಎತ್ತರದ ಆಳು, ತೆಳ್ಳನೆಯ ಮೈ, ಸಣ್ಣ ದನಿ. ಕಂಕುಳಲ್ಲಿ ಬೂದು ಬಣ್ಣದ ಬಟ್ಟೆಯ ಸುರುಳಿ.

"ಪ್ರಯಾಣ ಇದೆ. ಬ್ಯಾಗು, ಬಟ್ಟೆ ಎರಡೂ ನಾನೇ ಹೊಲ್ಕೋಬೇಕು. ಆ ಯಂತ್ರ ಕೊಡ್ತೀರಾ?"

ಬ್ಯಾಗಕ್ಕ ಆಗುವುದಿಲ್ಲ ಎನ್ನಲು ಬಾಯಿ ತೆರೆದರು. ಬಂದ ಮಾತು ಬೇರೆ: "ಕೂತ್ಕೊಳ್ಳಿ."

ಅಷ್ಟು ವರ್ಷ ಎಣ್ಣೆ ಕಾಣದ ಯಂತ್ರ ಒಂದೇ ತುಳಿತಕ್ಕೆ ಓಡಿತು. ಮೂರು ದಿನ ಆಕೆ ಗೋಡೆಗೆ ಮುಖ ಮಾಡಿ ಹೊಲಿದಳು. ಟೀ ಕೊಟ್ಟರೆ ತೆಗೆದುಕೊಂಡಳು, ಕುಡಿದದ್ದನ್ನು ಮಾತ್ರ ಬ್ಯಾಗಕ್ಕ ನೋಡಲಿಲ್ಲ. ಇಂಚ್ ಟೇಪು ಮುಟ್ಟಲಿಲ್ಲ, ಸೀಮೆಸುಣ್ಣದಿಂದ ಗುರುತು ಹಾಕಲಿಲ್ಲ, ನೇರ ಕತ್ತರಿ ಆಡಿಸಿದಳು. ಗುರುವಾರ ಮಧ್ಯಾಹ್ನ ಅಂಗಿಯ ತುಂಡುಗಳನ್ನು ಹರವಿದಾಗ ಬ್ಯಾಗಕ್ಕನ ಕಣ್ಣು ಅಲ್ಲೇ ನಿಂತಿತು. ಅಷ್ಟೆತ್ತರದ ಹೆಂಗಸಿಗೆ ಆ ತೋಳು ಮೊಣಕೈ ದಾಟುತ್ತಿರಲಿಲ್ಲ. ಸಾಲದ್ದಕ್ಕೆ ಎಡಭುಜ ಅರ್ಧ ಇಂಚು ಕೆಳಗೆ. ಯಂತ್ರದ ಮೇಲೆ ಬಾಗಿ ಬಾಗಿ ತಮ್ಮ ಎಡಭುಜ ಇಳಿದಿರುವುದು ಬ್ಯಾಗಕ್ಕನಿಗೆ ಗೊತ್ತು.

"ನನ್ನ ಬಟ್ಟೆ ಯಾವಾಗಲೂ ಕತ್ತರಿಸ್ತಿದ್ದೋಳು ನನ್ನ ತಂಗಿ. ಆ ಅರ್ಧ ಇಂಚು ಅವಳಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. 'ಇದು ನಿಮ್ಮಳತೆ ಅಲ್ವಲ್ಲ' ಅಂತ ಕೇಳಬೇಕು ಅಂದ್ಕೊಂಡೆ. ಕೇಳಲಿಲ್ಲ, ಇನ್ನೊಂದು ಟೀ ತರಿಸ್ದೆ."

ಶನಿವಾರ ಮೊದಲ ಬಸ್ಸಿಗೆ ಆಕೆ ಹೊರಟಳು. ಒಂಬತ್ತನೆಯ ದಿನ ಕಂಡಕ್ಟರ್ ಅದೇ ಬೂದು ಬ್ಯಾಗನ್ನು ತಂದು ಕಟ್ಟೆಯ ಮೇಲಿಟ್ಟ. "ಕೊನೇ ಸ್ಟಾಪಲ್ಲಿ ಹಿಂದಿನ ಸೀಟಲ್ಲಿತ್ತು ಅಕ್ಕ. ನೀವು ಬ್ಯಾಗಿಗೆಲ್ಲ ಹಾಕೋ ಬಟನ್ ಕಾಣಿಸ್ತು. ಟಿಕೆಟ್ ಕೊಟ್ಟಿದ್ದು ನೆನಪಿದೆ. ಇಳಿದಿದ್ದು ಮಾತ್ರ ನೋಡ್ಲೇ ಇಲ್ಲ."

ಒಳಗೆ ಅಂಗಿ, ಲಂಗ ಅಚ್ಚುಕಟ್ಟಾಗಿ ಮಡಚಿದ್ದವು. ಲಂಗದ ಅಂಚಿಗೆ ದಾರಿಯ ಧೂಳು. ಅಂಗಿಯ ಮೊಣಕೈಗೆ ತೊಟ್ಟ ಸುಕ್ಕು. ಬ್ಯಾಗಕ್ಕ ಬಾಗಿಲು ಹಾಕಿಕೊಂಡು ತೊಟ್ಟುನೋಡಿದರು. ಭುಜ, ತೋಳು, ಸೊಂಟ ಎಲ್ಲಿಯೂ ಒಂದೆಳೆ ಆಚೀಚೆ ಇಲ್ಲ. ಬೆಚ್ಚಿಬಿದ್ದು ಕಳಚಿಟ್ಟರು. ಮೂರು ದಿನ ಆ ಬ್ಯಾಗನ್ನು ಅಂಗಡಿಯ ಹೊರಗೇ ಇಟ್ಟರು. ಯಾರೂ ಮುಟ್ಟಲಿಲ್ಲ, ನಾಯಿಯೂ ಮೂಸಲಿಲ್ಲ. ಆ ಬಸ್ಸಿನ ಕೊನೆಯ ನಿಲ್ದಾಣ ತಂಗಿಯ ಊರು ಎಂಬುದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನಾಲ್ಕನೆಯ ಬೆಳಗ್ಗೆ ಅದೇ ಬಟ್ಟೆ ತೊಟ್ಟು, ಅದೇ ಬ್ಯಾಗು ಹಿಡಿದು ಬಸ್ಸು ಹತ್ತಿದರು. ಹುಟ್ಟಿದ ಮೇಲೆ ಒಬ್ಬರೇ ಮಾಡಿದ ಮೊದಲ ಪ್ರಯಾಣ. ಇಳಿದ ಮೇಲೆ ಕೇಳಿಕೊಂಡು ಹೋದರೆ ಕಿರಿದಾದ ಓಣಿ, ನೀಲಿ ಬಾಗಿಲು. ತಟ್ಟುವ ಮೊದಲೇ ಬಾಗಿಲು ತೆರೆಯಿತು. ತಂಗಿ ಗೋಡೆ ಹಿಡಿದು ನಿಂತಿದ್ದಳು, ಕಾಯಿಲೆಯಲ್ಲಿ ಅರ್ಧದಷ್ಟಾಗಿದ್ದಳು.

"ಇವತ್ತಾದ್ರೂ ಒಳಗೆ ಬರ್ತೀಯಾ, ಅಕ್ಕ?"

ಬ್ಯಾಗಕ್ಕ ಬ್ಯಾಗನ್ನು ಹೊಸಿಲ ಮೇಲಿಟ್ಟರು.

"ಅವತ್ತು ಶನಿವಾರ ಬಂದು ಹೊಸಿಲಾಚೆ ನಿಂತಿದ್ದೆಯಲ್ಲ. ಇದೇ ಬಟ್ಟೆ. ಬಾ ಬಾ ಅಂತ ಎಷ್ಟು ಕರೆದೆ! 'ಇನ್ನೊಂದು ಸಲ ಬರ್ತೀನಿ, ಕಾಯ್ತಿರು' ಅಂದು ಹೊರಟೇಬಿಟ್ಟೆ. ಕಾಯ್ತಾ ಇದೀನಿ."

ತಂಗಿಯ ಗಂಡ ದಿನಗಳ ಲೆಕ್ಕ ಹೇಳಿದರು: ವೈದ್ಯರು ಕೊಟ್ಟ ಗಡುವು ಆ ಶನಿವಾರಕ್ಕೇ ಮುಗಿದಿತ್ತು. ಅಂದಿನಿಂದ ಆಕೆ ಎದ್ದು ಗಂಜಿ ಕುಡಿಯುತ್ತಿದ್ದಳು, ಬಾಗಿಲು ಕಾಯುತ್ತಿದ್ದಳು.

ಹದಿನೆಂಟು ದಿನ ಅಕ್ಕತಂಗಿ ಒಂದೇ ಹಾಸಿಗೆಯಲ್ಲಿ ಮಲಗಿದರು. ಬ್ಯಾಗಕ್ಕ ತಪ್ಪಾಯಿತೆಂದರು. ತಂಗಿ, "ಬಟ್ಟೆ ಕೆಡಿಸಿದ್ದು ನಾನೇ ಅಲ್ವೇನೆ" ಎಂದು ನಕ್ಕಳು. ಒಂದು ಮಧ್ಯಾಹ್ನ ಅಕ್ಕನ ತೋಳನ್ನು ಹಿಡಿದು ಅಂಗಿಯ ಒಳಮೈ ಮಗುಚಿದಳು. ಹೊಲಿಗೆಯ ಮೇಲೆ ಬೆರಳಾಡಿಸುತ್ತ ಎಣಿಸಿದಳು.

"ಹಿಂದಕ್ಕೆರಡು, ಮುಂದಕ್ಕೊಂದು, ಆಮೇಲೆ ಗಂಟು. ಇದು ನನ್ನ ಹೊಲಿಗೆ ಕಣೆ. ಯಾವಾಗ ಹೊಲಿದೆ ನಾನಿದನ್ನ?"

ತಂಗಿಯನ್ನು ಕೊನೆಯ ಪ್ರಯಾಣಕ್ಕೆ ಕಳಿಸಿಕೊಟ್ಟು ಮರಳಿ ಬಂದ ಬ್ಯಾಗಕ್ಕ ಮೊದಲು ಮಾಡಿದ ಕೆಲಸ ಎರಡನೆಯ ಯಂತ್ರಕ್ಕೆ ಎಣ್ಣೆ ಹಾಕಿದ್ದು. ಈಗ ತಮ್ಮ ಬ್ಯಾಗನ್ನು ತಾವೇ ಹೊಲಿದುಕೊಳ್ಳುತ್ತೇವೆ ಎನ್ನುವವರಿಗೆ ಅಲ್ಲಿ ಜಾಗವಿದೆ. ಒಳಗಿನ ಅಸ್ತರು ಕೂಡಿಸುವುದು, ಜಿಪ್ ಹಚ್ಚುವುದು, ಗುಂಡಿಗೆ ಕಾಜ ಹಾಕುವುದು, ಎಲ್ಲವನ್ನೂ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಇದುವರೆಗೆ ನಲವತ್ತಕ್ಕೂ ಹೆಚ್ಚು ಜನ ಕಲಿತಿದ್ದಾರೆ. ಯಾರಾದರೂ ಟೇಪು ಮುಟ್ಟದೆ ಕತ್ತರಿ ಎತ್ತಿಕೊಂಡರೆ ಮಾತ್ರ ಬ್ಯಾಗಕ್ಕನ ಪಾದ ಪೆಡಲಿನ ಮೇಲೆ ನಿಂತುಬಿಡುತ್ತದೆ.

ಹೆದರಿಕೆಯಾಗುವುದಿಲ್ಲವೇ ಎಂದು ನಿಲ್ದಾಣದ ಟೀ ಅಂಗಡಿಯಾತ ಕೇಳುವುದುಂಟು. ಬ್ಯಾಗಕ್ಕ ದಾರ ಕಚ್ಚಿ ತುಂಡರಿಸುತ್ತಾರೆ.

"ಆಗತ್ತಪ್ಪ, ಆಗದೇ ಏನು? ಆದ್ರೆ ಆ ಹೆಂಗಸು ಎಲ್ಲಿಂದಾದ್ರೂ ಬಂದಿರ್ಲಿ, ಕೆಲಸ ಮಾತ್ರ ಚೊಕ್ಕ. ಇಂಚಿಗೆ ಹನ್ನೆರಡು ಹೊಲಿಗೆ, ಒಂದೂ ಸೊಟ್ಟ ಇಲ್ಲ. ಈಗ ನನಗೂ ಒಂದಾಸೆ. ನನ್ನ ಕೈಯಾರೆ ನನಗೇ ಅಂತ ಒಂದು ಸಣ್ಣ ಬ್ಯಾಗು, ಒಂದು ಜೊತೆ ಬಟ್ಟೆ. ಯಾರೂ ಕಾಯದೇ ಇರೋ ಊರಿಗೆ ಹೋಗಿ, ನಾಲ್ಕು ದಿನ ಸುಮ್ಮನೆ ಇದ್ದು ಬರಬೇಕು."