ಪಾಯ್ ಕಣಿವೆಯಲ್ಲಿ ಅಕ್ಕ ಕೆಡಿಸಿದ ಶಾವಿಗೆ

ಸೊರಬದಿಂದ ಹೊರಟಾಗ ನನ್ನ ಚೀಲ ಏಳು ಕಿಲೋ, ಗಿರಿಜಕ್ಕನದು ಹದಿನೈದು. ಅವಳದರಲ್ಲಿ ನಾಲ್ಕು ಸೀರೆ ಬಿಟ್ಟರೆ ಉಳಿದದ್ದೆಲ್ಲ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಊರವರ ಪಹಣಿ ನೋಡಿ ನೋಡಿ ಸಾಕಾಗಿದ್ದ ನನಗೆ, ನಿವೃತ್ತಿಯಾದ ಮೇಲೆ ಥಾಯ್ಲೆಂಡಿನ ಉತ್ತರದ ಗುಡ್ಡಗಳನ್ನು ನೋಡುವ ಆಸೆ ಹುಟ್ಟಿತ್ತು. ಹೆಂಡತಿ ಮಂಡಿನೋವೆಂದು ಹಿಂದೆ ಸರಿದಳು. ತೊಗರ್ಸಿಯಲ್ಲಿರುವ ಅಕ್ಕ ಮಾತ್ರ ಕೇಳಿದ್ದೇ ತಡ, "ನಾ ಬರ್ತೀನಿ, ಆದ್ರ ಅಲ್ಲಿ ಊಟ ಮಾಡು ಅನ್ನಬ್ಯಾಡ" ಎಂದಳು.

ತೊಗರ್ಸಿಯ ಸುತ್ತಮುತ್ತ ಯಾರ ಮನೆಯಲ್ಲಿ ಒತ್ತು ಶಾವಿಗೆ ಮಾಡಿದರೂ ಅಕ್ಕನಿಗೆ ಕರೆ ಬರುತ್ತದೆ. ಅವಳ ಅಡುಗೆ ಕೆಟ್ಟದ್ದನ್ನು ನಾನು ಈವರೆಗೆ ಕೇಳಿರಲಿಲ್ಲ.

ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಚಿಯಾಂಗ್ ಮಾಯ್ ವಿಮಾನದಲ್ಲಿ. ಮರುದಿನ ಪಾಯ್ ಊರಿಗೆ ಮಿನಿ ವ್ಯಾನು, ತಲಾ ನೂರೈವತ್ತು ಬಾತ್, ಅಂದರೆ ನಮ್ಮ ನಾನೂರು ರೂಪಾಯಿ. ದೂರ ನೂರಮೂವತ್ತು ಕಿಲೋಮೀಟರ್, ಹಿಡಿದದ್ದು ಮೂರು ಗಂಟೆ. ದಾರಿಯಲ್ಲಿ ಏಳುನೂರಕ್ಕೂ ಹೆಚ್ಚು ತಿರುವುಗಳಂತೆ. ನಾನು ಪ್ರತಿ ತಿರುವಿಗೂ ಅಕ್ಕನ ಮೇಲೆ ಬೀಳುತ್ತಿದ್ದೆ. "ಸ್ವಲ್ಪ ತೂಕ ಇಳಸೋ ಮಾರಾಯ" ಎಂದು ಬೈಯುತ್ತಲೇ ಅವಳು ಕಿಟಕಿಯಾಚೆಯ ಬೆಟ್ಟಗಳನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಒಂದರ ಹಿಂದೊಂದು, ಎಲ್ಲವೂ ಹಸಿರು, ನಡುನಡುವೆ ಮಂಜು. ಅಂಥ ರಸ್ತೆಯಲ್ಲಿ ಒಂದು ಹಾರ್ನ್ ಕೇಳಿಸಲಿಲ್ಲ, ರಸ್ತೆಬದಿ ಒಂದು ಪ್ಲಾಸ್ಟಿಕ್ ಚೀಲ ಕಾಣಿಸಲಿಲ್ಲ. ನನಗೆ ಹೊಟ್ಟೆಕಿಚ್ಚೇ ಆಯಿತು.

ಪಾಯ್‌ನಿಂದ ಅರ್ಧ ಗಂಟೆ ಮೇಲೆ ಹತ್ತಿದರೆ ಶಾನ್ ಜನರ ಒಂದು ಹಳ್ಳಿ. ಅಲ್ಲಿ ಖಾಮ್ ಎಂಬ ನಲವತ್ತರ ಹೆಂಗಸಿನ ಮನೆಯಲ್ಲಿ ನಮ್ಮ ವಾಸ್ತವ್ಯ. ಮನೆಯಲ್ಲಿ ಅವಳು, ಗಂಡ, ಅತ್ತೆ. ಖಾಮ್ ಮೊದಲ ದಿನವೇ ಒಂದು ಬಟ್ಟಲು ತಂದು ಅಕ್ಕನ ಮುಂದಿಟ್ಟಳು. ತಳದಲ್ಲಿ ಅಕ್ಕಿಯ ಶಾವಿಗೆ, ಮೇಲೆ ಹಳದಿ ಬಣ್ಣದ ಬಿಸಿ ಗಂಜಿ, ಅದರ ಮೇಲೆ ಹುರಿದ ಬೆಳ್ಳುಳ್ಳಿ, ಶೇಂಗಾ, ಕೊತ್ತಂಬರಿ. ಮೀನಿಲ್ಲ, ಮಾಂಸವಿಲ್ಲ ಎಂದು ಮೊಬೈಲಿನ ಅನುವಾದದ ಆ್ಯಪಿನಲ್ಲಿ ಎರಡೆರಡು ಸಲ ಹೇಳಿಸಿದಳು. ಅಕ್ಕ ಬೆರಳ ತುದಿಯಿಂದ ನೆಕ್ಕಿ ನೋಡಿ, "ಅಯ್ಯ ಶಿವನೇ, ಇದು ಕಡ್ಲಿಹಿಟ್ಟು! ಶಾವಿಗೆ ಮ್ಯಾಲೆ ಜುಣಕ ಸುರುವ್ಯಾಳೆ!" ಎಂದು ನಕ್ಕಳು. ಶಾವಿಗೆಗೆ ಕಾಯಿಹಾಲು, ಬೆಲ್ಲವೇ ಸರಿ ಎಂದು ಬದುಕಿದವಳು ಆ ದಿನ ಎರಡು ಬಟ್ಟಲು ಖಾಲಿ ಮಾಡಿದಳು. ನಾನು ಮೂರು. ಹಿಟ್ಟನ್ನು ಹುಳಿ ಬರಿಸಿ ಮಾಡಿದ್ದರಿಂದ ಎಳೆಗೆ ಒಂದು ಸಣ್ಣ ಹುಳಿ, ಗಂಜಿಗೆ ಕಡಲೆಯ ಕಂಪು. ಚಳಿಗೆ ಗಂಟಲಿನಿಂದ ಹೊಟ್ಟೆಯವರೆಗೂ ಬಿಸಿ ಇಳಿಯುತ್ತಿತ್ತು. ರೊಟ್ಟಿಯ ಗಂಟು ಆಮೇಲೆ ಬಿಚ್ಚಲೇ ಇಲ್ಲ.

ಮೂರನೆಯ ದಿನ ಖಾಮ್‌ಳ ಹೊಸ ಮನೆಯ ಪ್ರವೇಶ. ಹಳೆಯ ಮನೆಯ ಪಕ್ಕದಲ್ಲೇ ಕಟ್ಟಿದ್ದ ಮರದ ಮನೆ. ಊರಿನವರೆಲ್ಲ ಊಟಕ್ಕೆ ಬರುವವರು. ಆ ದಿನ ಬಡಿಸುವ ಶಾವಿಗೆಯ ಎಳೆ ಉದ್ದ ಇರಬೇಕು, ತುಂಡಾಗಬಾರದು. ಎಳೆ ಉದ್ದವಾದಷ್ಟು ಮನೆಯವರ ಬಾಳು ಉದ್ದ ಎಂದು ಅವರ ನಂಬಿಕೆ. ಬೆಳಗ್ಗೆ ಆರಕ್ಕೇ ಖಾಮ್ ಮೂರು ದಿನ ಹುಳಿ ಬರಿಸಿದ ಹಿಟ್ಟನ್ನು ತೆಂಗಿನಕಾಯಿ ಗಾತ್ರದ ಉಂಡೆ ಮಾಡಿ ಕೊಪ್ಪರಿಗೆಗೆ ಬಿಟ್ಟಳು. ಐದು ಬೆರಳು ತೋರಿಸಿ, ಐದು ನಿಮಿಷಕ್ಕೆ ತೆಗೆಯಲು ಅಕ್ಕನಿಗೆ ಸನ್ನೆ ಮಾಡಿ, ಬಾಳೆಲೆ ತರಲು ತೋಟಕ್ಕೆ ಹೋದಳು.

ಅಕ್ಕ ಐದು ನಿಮಿಷಕ್ಕೆ ಒಂದು ಉಂಡೆ ತೆಗೆದು ಮುರಿದು ನೋಡಿದಳು. ಹೊರಗೆ ಬೆರಳು ದಪ್ಪ ಬೆಂದಿತ್ತು, ಒಳಗೆಲ್ಲ ಹಸಿಹಿಟ್ಟು.

"ಪಾಪ, ಇಕಿಗೆ ಗೊತ್ತಿಲ್ಲ ಕಾಣ್ತದ. ಹಸಿ ಉಂಡಿ ಒತ್ತಿದ್ರ ಶಾವಿಗಿ ಆಗ್ತದೇನೋ?" ಎಂದು ಅದನ್ನೂ ಉಳಿದ ಉಂಡೆಗಳ ಜೊತೆ ವಾಪಸ್ ಕುದಿಯುವ ನೀರಿಗೆ ಹಾಕಿ ಮುಚ್ಚಳ ಮುಚ್ಚಿದಳು. ನಮ್ಮಲ್ಲಿ ಉಂಡೆ ಪೂರ್ತಿ ಬೆಂದ ಮೇಲೆ ಒತ್ತುವುದು ತಾನೆ. ನಾನೂ ತಲೆಯಾಡಿಸಿದೆ.

ಅರ್ಧ ಗಂಟೆಯ ಮೇಲೆ ಖಾಮ್‌ಳ ಅತ್ತೆ ಬಂದು ಒಂದು ಉಂಡೆ ಕತ್ತರಿಸಿದಳು. ಮುದುಕಿಯ ಮುಖ ಕಪ್ಪಿಟ್ಟಿತು. ಅವರು ಅರೆಬೆಂದ ಉಂಡೆಯನ್ನು ಕುಟ್ಟಿ, ನೀರು ಬೆರೆಸಿ ತೆಳ್ಳಗೆ ಮಾಡಿ, ನೇರ ಕುದಿಯುವ ನೀರಿಗೇ ಒತ್ತುವವರು. ಪೂರ್ತಿ ಬೆಂದದ್ದು ನೀರಿನಲ್ಲಿ ಕರಗದು. ಬೇರೆ ಹಿಟ್ಟಿಗೆ ಮತ್ತೆ ಮೂರು ದಿನ ಬೇಕು. ಜನ ಬರಲು ಮೂರೇ ಗಂಟೆ ಉಳಿದಿತ್ತು. ಅಷ್ಟರಲ್ಲಿ ಬಾಳೆಲೆ ಹೊತ್ತು ಬಂದ ಸೊಸೆಯ ಮೇಲೆ ಮುದುಕಿ ಹರಿಹಾಯ್ದಳು. ನಾನು ಮೊಬೈಲು ಹಿಡಿದೆ. "ಈ ಮನೆಗೆ ಬಂದು ಹದಿನೆಂಟು ವರ್ಷವಾದರೂ ನಿನಗೆ ಹಿಟ್ಟು ಬೇಯಿಸಲು ಬರಲಿಲ್ಲ" ಎಂದು ತೋರಿಸಿತು.

ಖಾಮ್ ಕೊಪ್ಪರಿಗೆ ನೋಡಿದಳು. ಅಕ್ಕನನ್ನೂ ಒಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿ ಎರಡೇ ಮಾತು ಹೇಳಿದಳು. "ನನ್ನ ಗಮನ ತಪ್ಪಿತು" ಎಂದು ಮೊಬೈಲಿನಲ್ಲಿ ಬಂತು.

"ಏನಂದ್ಲೋ?" ಅಕ್ಕ ಕೇಳಿದಳು. ಓದಿ ಹೇಳಿದೆ.

"ನಾ ಮಾಡಿದ್ದು ಅಂತ ಹೇಳು."

"ಸುಮ್ನಿರೇ ಅಕ್ಕ. ಮನೆಯೋರು ಅವ್ರವ್ರೇ ನೋಡ್ಕೊಳ್ತಾರೆ," ಎಂದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಅಕ್ಕ ನನ್ನ ಕೈಯಿಂದ ಮೊಬೈಲು ಕಿತ್ತುಕೊಂಡಳು. "ಯವ್ವಾ, ತಪ್ಪು ನನ್ದು. ಆಕಿ ಸರಿಯಾಗೇ ಹೇಳಿದ್ಲು" ಎಂದು ಅದಕ್ಕೆ ಹೇಳಿ, ಮುದುಕಿಯ ಮುಂದೆ ಹಿಡಿದು, ಕೆನ್ನೆ ಬಡಿದುಕೊಂಡು ಕಾಲಿಗೇ ಬಗ್ಗಿದಳು. ಮುದುಕಿ ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಅಲ್ಲಿ ಹಾಗೆ ಪರರ ಪಾದ ಮುಟ್ಟುವುದಿಲ್ಲವೋ ಏನೋ. ಅವಳ ಸಿಟ್ಟು ಎಲ್ಲಿ ಹೋಯಿತೋ, ಗಾಬರಿಯಲ್ಲಿ ಅಕ್ಕನ ಭುಜ ಹಿಡಿದು ಎಬ್ಬಿಸಿದಳು.

ಎದ್ದ ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ಇನ್ನು ನಮ್ಮ ಪದ್ಧತಿಯಾಗೇ ಆಗ್ಲಿ. ಉಂಡಿ ಬಿಸಿ ಇರೋದ್ರಾಗ ಕುಟ್ರಿ."

ಖಾಮ್ ಮತ್ತು ಅವಳ ಗಂಡ ಕುಟ್ಟಿದರು, ಅಕ್ಕ ನಾದಿದಳು. ಶಾವಿಗೆ ಒತ್ತಲು ಅವರದೂ ಮರದ ಒರಳೇ, ತಳದಲ್ಲಿ ತೂತುಗಳ ಹಿತ್ತಾಳೆಯ ಬಿಲ್ಲೆ, ಮೇಲೆ ಉದ್ದನೆಯ ಸನ್ನೆಗೋಲು. ಆದರೆ ನಮ್ಮ ಗಟ್ಟಿ ಹಿಟ್ಟಿಗೆ ಅವರ ಗೋಲು ಜಗ್ಗಲಿಲ್ಲ. ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಬಾರೋ, ಇಲ್ಲಿ ಕೂತ್ಕ" ಎಂದಳು. ಎಂಬತ್ತೆಂಟು ಕಿಲೋದ ನಾನು ಗೋಲಿನ ತುದಿಗೆ ಕೂತೆ. ಅದು ಕಿರುಗುಟ್ಟುತ್ತ ಇಳಿಯಿತು, ಬಾಳೆಲೆಯ ಮೇಲೆ ಹಬೆಯಾಡುವ ಬಿಳಿ ಎಳೆಗಳು ಸುತ್ತಿ ಸುತ್ತಿ ಬಿದ್ದವು. ಎರಡು ಗಂಟೆ ಕೂತು ಏಳುವುದೇ ನನ್ನ ಕೆಲಸ. ಇಡೀ ಹಳ್ಳಿ ನಿಂತು ನಗುತ್ತಿತ್ತು.

ಮುದುಕಿ ಒಂದು ಎಳೆಯ ತುದಿ ಹಿಡಿದು ಎತ್ತಿದಳು. ಎದೆಯವರೆಗೆ ಬಂತು, ತಲೆಯವರೆಗೆ ಬಂತು, ಕೈ ಪೂರ್ತಿ ಮೇಲೆತ್ತಿದರೂ ತುಂಡಾಗಲಿಲ್ಲ. ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮುದುಕಿ ಆ ಎಳೆಯನ್ನು ಸುತ್ತಿ ಮೊದಲು ಖಾಮ್‌ಳ ಬಾಯಿಗಿಟ್ಟಳು. ಹಳದಿ ಗಂಜಿಯ ಜೊತೆ ಅದು ಅವರದ್ದಕ್ಕಿಂತ ಸ್ವಲ್ಪ ಗಟ್ಟಿಯೇ ಇತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಬಾಳೆಲೆಯಲ್ಲಿ ಒಂದು ಎಳೆಯೂ ಉಳಿದಿರಲಿಲ್ಲ.

ಮರುದಿನ ಬೆಳಗ್ಗೆ ಅದೇ ತಿರುವುಗಳ ದಾರಿಯಲ್ಲಿ ಇಳಿದೆವು.  ಅರ್ಧ ದಾರಿಯಲ್ಲಿ ಅಕ್ಕ, "ಆಕಿ ನನ್ನ ಕಡೆ ಬೆರಳು ಮಾಡ್ಲಿಲ್ಲ ನೋಡು. ಅತ್ತಿ ಅಷ್ಟು ಬೈದ್ರೂ" ಎಂದಳು. ಚಿಯಾಂಗ್ ಮಾಯ್ ಹತ್ತಿರ ನೆಟ್‌ವರ್ಕ್ ಬರುತ್ತಲೇ ತೊಗರ್ಸಿಗೆ, ಸೊಸೆ ರೂಪಾಳಿಗೆ ಫೋನು ಹಚ್ಚಿಸಿದಳು. ವ್ಯಾನಿನ ಸದ್ದಿಗೆ ಸ್ಪೀಕರ್ ಹಾಕಿದ್ದೆ.

"ರೂಪಾ, ನಿಮ್ಮ ಮಾವನ ಅರವತ್ತರ ದಿನ ಹೋಳಿಗೆ ಹೂರ್ಣ ನೀರಾತಲ್ಲ, ನೀನು ಕೆಡಿಸಿದಿ ಅಂತ ಬೀಗರ ಮುಂದೆಲ್ಲ ಅಂದಿದ್ದೆ. ಬ್ಯಾಳಿಗೆ ನೀರು ಜಾಸ್ತಿ ಹಾಕಿದ್ದು ನಾನವ್ವ."



"ಗೊತ್ತು ಅತ್ತೆ," ಎಂದಳು ರೂಪಾ. "ನೀವು ನೀರು ಹಾಕೋವಾಗ ನಾನು ಬಾಗ್ಲಾಗೇ ನಿಂತಿದ್ದೆ."