ಖಾಲಿ ಕುರ್ಚಿಯ ಮುಂದೆ ಒಂದು ತಾಸು

ಮಂಗಳವಾರ, ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಬಾಕಿ. ಗದಗಿನ ಸಮಾಲೋಚನಾ ಕೇಂದ್ರವೊಂದರ ಪಡಸಾಲೆಯಲ್ಲಿ, ಕುಡಿಯುವ ನೀರಿನ ಕೊಡದ ಪಕ್ಕ, ಮುಚ್ಚಿದ ಬಾಗಿಲಿನಿಂದ ಆರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಆರು ವರ್ಷಗಳ ಹಿಂದಿನ ಮಾತು. ನಿನ್ನೆ ಬೆಟಗೇರಿಯ ನೇಕಾರರ ಓಣಿಯಲ್ಲಿ ಹೋಗುವಾಗ ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಬಂತು. ಆ ಬಾಗಿಲು ಕಣ್ಣ ಮುಂದೆ ಬಂದು ನಿಂತಿತು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ...

ಆ ಬಾಗಿಲ ಒಳಗೆ ಕೆಲಸ ಮಾಡುತ್ತಿದ್ದವಳು ಶಿರಹಟ್ಟಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಪೇಂಟರ್ ಸಾಹೇಬರ ಮಗಳು. ಅಲ್ಲಿ ನಾನು ಡ್ರಾಯಿಂಗ್ ಮಾಸ್ತರನಾಗಿದ್ದಾಗ ನನ್ನ ವಿದ್ಯಾರ್ಥಿನಿ. ಮುಂದೆ ದೂರದ ನಗರದಲ್ಲಿ ಕಲಾ ಮನೋಚಿಕಿತ್ಸೆಯ ಸ್ನಾತಕೋತ್ತರ ತರಬೇತಿಗೆ ಸೇರಿದಳು. ಬಾಯಿಂದ ಹೇಳಲಾಗದ ನೋವು ಬಣ್ಣದಲ್ಲಿ, ಗೆರೆಯಲ್ಲಿ ಹೊರಬರಲು ಜೊತೆಯಾಗುವ ವಿದ್ಯೆ ಅದು. ಕೊನೆಯ ವರ್ಷದ ಪ್ರಾಯೋಗಿಕ ಕೆಲಸಕ್ಕೆ ಗದಗನ್ನೇ ಕೇಳಿ ಪಡೆದಳು. ನಿವೃತ್ತನಾಗಿ ಗದಗಿನಲ್ಲೇ ಇದ್ದ ನನ್ನನ್ನು ಬಣ್ಣ, ಕಾಗದ ಹೊಂದಿಸಿಕೊಡಲು ಕರೆದಳು.

"ಸರ, ನಾ ಚಿತ್ರಾ ಕಲಸೂದಿಲ್ರೀ. ಚಿತ್ರಾ ಬರಿಯೋರ ಬಾಜೂಕ ಕುಂಡ್ರೂದು ಕಲಿಯಾಕ ಹತ್ತೇನಿ" ಎಂದಳು ಮೊದಲ ದಿನ.

"ಬಾಜೂಕ ಕುಂಡ್ರಾಕ ಎರಡು ವರ್ಷ ಬೇಕೇನವಾ?"

"ಸುಮ್ನ ಕುಂಡ್ರೂದು ನಿಮಗ ಇನ್ನೂ ಬಂದಿಲ್ಲಲ್ರೀ ಸರ!"

ನಕ್ಕೆ. ಆ ಮಾತು ಎಷ್ಟು ಖರೆ ಎಂದು ಆಮೇಲೆ ಗೊತ್ತಾಯಿತು.

ಪ್ರತಿ ಮಂಗಳವಾರ ಹನ್ನೊಂದಕ್ಕೆ ಬೆಟಗೇರಿಯಿಂದ ಒಬ್ಬ ನೇಕಾರ ಹೆಂಗಸು ತಂಗಿಯ ಜೊತೆ ಬರುತ್ತಿದ್ದಳು. ಗಂಡ ಮಗ್ಗದ ಮುಂದೆಯೇ ಕುಸಿದು ತೀರಿಕೊಂಡಂದಿನಿಂದ ಒಂದು ವರ್ಷ ಆಕೆ ಮಾತಾಡಿರಲಿಲ್ಲ. ತಂಗಿ ಹೊರಗೆ ಬೆಂಚಿನ ಮೇಲೆ, ಆಕೆ ಒಳಗೆ. ಏಳು ವಾರ ಆಕೆ ಕುಂಚ ಮುಟ್ಟಲಿಲ್ಲ. ಎಂಟನೆಯ ವಾರ ಸೆರಗಿನಲ್ಲಿ ಸುತ್ತಿಕೊಂಡು ಒಂದು ಡಬ್ಬಿ ಗಂಜಿ ತಂದಳು. ನಮ್ಮ ಬಣ್ಣ ಆಕೆಗೆ ನೀರುನೀರಾಗಿ ಕಂಡಿತ್ತು. ನೂಲಿಗೆ ಹಾಕುವ ಹದದಲ್ಲೇ ಬಣ್ಣಕ್ಕೆ ಗಂಜಿ ಬೆರೆಸಿ ಬರೆದಳಂತೆ. ಈಕೆಯ ಕಥೆಯೇ ಪೇಂಟರ್ ಮಗಳ ಅಂತಿಮ ವರದಿ. ಆ ಹೆಂಗಸು ನಡುವೆ ಬಿಟ್ಟುಹೋದರೆ ವರದಿ ಇಲ್ಲ, ಇಡೀ ವರ್ಷ ಮತ್ತೆ ಮೊದಲಿನಿಂದ.

ಆ ವಾರಾಂತ್ಯಕ್ಕೆ ಕೇಂದ್ರ ನೋಡಲು ಅತಿಥಿಗಳು ಬರುವವರಿದ್ದರು. ಒಣಗಲು ಇಟ್ಟಿದ್ದ ಆ ಚಿತ್ರ ನನ್ನ ಕಣ್ಣಿಗೆ ಬಿತ್ತು. ಒಳ್ಳೆಯ ಚಿತ್ರ ಕಂಡರೆ ಗೋಡೆಗೆ ಹಚ್ಚುವುದು ಮೂವತ್ತು ವರ್ಷದ ನನ್ನ ರೂಢಿ. ಯಾರನ್ನೂ ಕೇಳಲಿಲ್ಲ. ಬಂಗಾರದ ಅಂಚಿನ ಚೌಕಟ್ಟು ತಂದು ಪಡಸಾಲೆಯಲ್ಲಿ ತೂಗುಹಾಕಿದೆ, ಆಕೆಗೆ ಗೌರವ ಮಾಡುತ್ತಿದ್ದೇನೆಂದೇ ತಿಳಿದು. ಅತಿಥಿಗಳು ಹೋದ ಮೇಲೂ ಇಳಿಸಲಿಲ್ಲ.

ಮಂಗಳವಾರ ಆಕೆ ಬಾಗಿಲಲ್ಲೇ ನಿಂತಳು. ಗೋಡೆ ನೋಡಿದಳು. ತಿರುಗಿ ಹೊರಟುಬಿಟ್ಟಳು. ತಂಗಿ ಮಾತ್ರ ನನ್ನತ್ತ ಬಂದಳು.

"ಏನ್ರೀ ಮಾಸ್ತರ, ನಮ್ಮಕ್ಕನ ಹೊಟ್ಟ್ಯಾಗಿಂದು ತಗದು ಗ್ವಾಡಿಗೆ ಹಚ್ಚೀರೇನು?"

ಪೇಂಟರ್ ಮಗಳು ಬೈಯಲಿಲ್ಲ. ಚಿತ್ರ ಇಳಿಸಿ, ಚೌಕಟ್ಟು ಬಿಚ್ಚಿ, ಆ ಹೆಂಗಸಿನ ಕಡತದಲ್ಲಿಟ್ಟು ಲಾಡಿ ಕಟ್ಟಿದಳು. ತಂಗಿಗೆ ಒಮ್ಮೆ ಫೋನ್ ಮಾಡಿ ಕ್ಷಮೆ ಕೇಳಿದಳು. ಅದೇ ದಿನ, ಅದೇ ಹೊತ್ತಿಗೆ ಖೋಲಿ ತೆರೆದಿರುತ್ತದೆ ಎಂದಳು.

"ನಾನ ಹೋಗಿ ಕೈ ಮುಗುದು ಕರಕೊಂಡ ಬರ್ತೀನವಾ" ಎಂದೆ.

"ಬ್ಯಾಡ್ರೀ ಸರ. ಬರೂದು ಬಿಡೂದು ಅವರದು. ಖೋಲಿ ತಯಾರ ಇಡೂದು ನಂದು."

"ನಿನ್ನ ವರ್ಷ ಹೋದ್ರ?"

"ಹೋದ್ರ ಹೋಗ್ಲಿ. ಚಿತ್ರಾ ಯಾರಿಗೂ ತೋರ್ಸಬಾರ್ದು ಅಂತ ನಿಮಗ ಮೊದಲ ಹೇಳಬೇಕಿತ್ತು, ಹೇಳ್ಲಿಲ್ಲ. ಅದನ್ನ ವರದ್ಯಾಗ ಹಾಂಗ ಬರೀತೀನಿ."

ಎರಡು ಮಂಗಳವಾರ ಆಕೆ ಬರಲಿಲ್ಲ. ಎರಡೂ ದಿನ ಈ ಹುಡುಗಿ ಬಣ್ಣ ಕಲಸಿ, ಎರಡು ಕುಂಚ ಇಟ್ಟು, ಖಾಲಿ ಕುರ್ಚಿಯ ಮುಂದೆ ಪೂರ್ತಿ ಒಂದು ತಾಸು ಕುಳಿತಳು. ಮೊಬೈಲ್ ಮುಟ್ಟಲಿಲ್ಲ, ಪುಸ್ತಕ ತೆರೆಯಲಿಲ್ಲ. ಹನ್ನೆರಡಾದ ಮೇಲೆ ಕುಂಚ ತೊಳೆದಿಟ್ಟಳು. ಯಾರೂ ಮುಟ್ಟದ ಕುಂಚ... ನನ್ನ ಕೈಯಲ್ಲಿ ಎಷ್ಟೋ ಮಕ್ಕಳು ಗೆರೆ ಕಲಿತರು. ಇದನ್ನು ಇವಳು ನನ್ನಿಂದ ಕಲಿತದ್ದಲ್ಲ.

ಮೂರನೆಯ ಮಂಗಳವಾರ ಹನ್ನೊಂದಕ್ಕೆ ಆಕೆ ಬಂದಳು, ಗಂಜಿಯ ಡಬ್ಬಿಯೊಂದಿಗೆ. ಬಾಗಿಲು ಮುಚ್ಚಿತು. ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ತೆರೆಯಿತು. ಆಕೆ ಆ ಚಿತ್ರವನ್ನು ಎದೆಗೆ ಒತ್ತಿಕೊಂಡಿದ್ದಳು. ಹೊಸ್ತಿಲ ಮೇಲೆ ನಿಂತು, ಒಡೆದ ದನಿಯಲ್ಲಿ, ನನ್ನನ್ನೇ ನೋಡುತ್ತ ಅಂದಳು: "ಇದು ನಂದು. ಮನಿಗೆ ಒಯ್ತೀನಿ."

ಬೆಂಚಿನ ಮೇಲಿದ್ದ ತಂಗಿ ಬಾಯಿಗೆ ಸೆರಗು ಹಿಡಿದಳು.

"ಒಯ್ರೀ ಅಕ್ಕಾರ. ನಿಮ್ದ ಐತಿ" ಎಂದಳು ಪೇಂಟರ್ ಮಗಳು.

ಆ ಚಿತ್ರದ ಫೋಟೋ ಕೂಡ ಅವಳು ಇಟ್ಟುಕೊಳ್ಳಲಿಲ್ಲ. ಆಕೆ ಆಮೇಲೂ ತಪ್ಪದೆ ಬಂದಳು, ವರದಿ ಮುಗಿಯಿತು. ಚಿತ್ರ ಇರಬೇಕಾದ ಪುಟವನ್ನು ಅವಳು ಬಿಳಿಯಾಗಿ ಬಿಟ್ಟಿದ್ದಳು. ಎದುರು ಪುಟದಲ್ಲಿ ಎರಡು ಖಾಲಿ ತಾಸುಗಳ ಬಗ್ಗೆ, ತನ್ನ ತಪ್ಪಿನ ಬಗ್ಗೆ ಬರೆದಿದ್ದಳು. ನನ್ನ ತಪ್ಪಿನ ಮಾತೇ ಇರಲಿಲ್ಲ. ಪಾಸಾದ ದಿನ ಪೇಂಟರ್ ಸಾಹೇಬರು ಮನೆಯ ಬಾಗಿಲ ಮೇಲೆ ಮಗಳ ಹೆಸರು, ಪದವಿ ತಾವೇ ಬರೆದರು. ನಾನು ಏಣಿ ಹಿಡಿದಿದ್ದೆ. ಅಂಥ ಹೆಮ್ಮೆ ನನಗೆ ಮತ್ತೆ ಆಗಿಲ್ಲ.

ಹೋದ ವರ್ಷ ಜ್ವರವೆಂದು ಮಲಗಿದ ಪೇಂಟರ್ ಮಗಳು ಮತ್ತೆ ಏಳಲಿಲ್ಲ. ಬಾಗಿಲ ಮೇಲಿನ ಅಕ್ಷರ ಮಾಸಿಲ್ಲ...

ಆ ಚಿತ್ರದಲ್ಲಿ ಏನಿತ್ತೆಂದು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಆ ಮಂಗಳವಾರ ಆ ಬಾಗಿಲು ತೆರೆದಾಗ ಅಲ್ಲಿದ್ದವರು ನಾಲ್ವರು. ಮೂವರು ಇದ್ದೇವೆ: ಬೆಟಗೇರಿಯಲ್ಲಿ ಮತ್ತೆ ಮಗ್ಗಕ್ಕೆ ಕುಳಿತಿರುವ ಆ ಹೆಂಗಸು, ಆಕೆಯ ತಂಗಿ, ಮತ್ತು ನಾನು.